ಹಾರ್ಡ್‌ಡಿಸ್ಕ್ ಭೇದಮೀಮಾಂಸೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅಕ್ಕಪಕ್ಕ ಕೂತ 2 ಟಿಬಿಯ ಎರಡು ಡಿಸ್ಕುಗಳು ಒಂದೋ, ಬೇರೆಯೋ ಎಂಬುದೇ ಈ ಶಾಸ್ತ್ರದ ವಿಷಯ. ಡೆಸ್ಕ್‌ಟಾಪ್ ಉಳ್ಳವನು ಇದಕ್ಕೆ ಅಧಿಕಾರಿ. ಮನೆಯಲ್ಲಿ ಕೇಳಿ ದುಡ್ಡು ತಂದವನು ಉತ್ತಮಾಧಿಕಾರಿ.

ಪೂರ್ವಪಕ್ಷ ಅಭೇದವಾದಿಗಳದು. ಎರಡೂ ಮೂರೂವರೆ ಇಂಚು, ಎರಡಕ್ಕೂ ಅದೇ ಸಾಟಾ ಕೇಬಲ್ಲು, ಎರಡೂ ಒಂದು ದಿನ ಕೆಡತಕ್ಕವು. ಆದ್ದರಿಂದ ಅಗ್ಗದ್ದೇ ಸತ್ಯ. ಅಂಗಡಿಯವರೂ ಈ ಮತದವರೇ, ಒಂದೇ ಬಗೆಯ ಸರಕು ಉಳಿದಿರುವಾಗ.

ಪೆಟ್ಟಿಗೆಯ ಮೇಲಿನ ‘ಸೆಕೆಂಡಿಗೆ 6 ಗಿಗಾಬಿಟ್’ ಬರೀ ಮಾಯೆ. ಅದು ದಾರಿಯ ಅಗಲ, ಗಾಡಿಯ ವೇಗವಲ್ಲ. ತಿರುಗುವ ತಟ್ಟೆ ಅದರ ಅರ್ಧವನ್ನೂ ಮುಟ್ಟುವುದು ಅಪರೂಪ. 1 ಟಿಬಿ ಡಿಸ್ಕು ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುವುದೂ ಲೆಕ್ಕದ ಲೀಲೆ: ಕಂಪನಿ ಸಾವಿರದಿಂದ ಎಣಿಸುತ್ತದೆ, ವಿಂಡೋಸು 1024ರಿಂದ.

ಸಿದ್ಧಾಂತ ಮಾಡೆಲ್ ನಂಬರಿನ ಪಾಠಭೇದದಲ್ಲಿದೆ. ವೆಸ್ಟರ್ನ್ ಡಿಜಿಟಲ್‌ನ 2 ಟಿಬಿ ನೀಲಿ ಡಿಸ್ಕಿಗೆ ‘ಇಝಡ್‌ಆರ್‌ಝಡ್’ ಎಂದೊಂದು ಪಾಠ, ‘ಇಝಡ್‌ಎಝಡ್’ ಎಂದು ಇನ್ನೊಂದು. ಎರಡಕ್ಕೂ ನಿಮಿಷಕ್ಕೆ 5400 ಸುತ್ತಿನ ವರ್ಗ. ಮೊದಲನೆಯದರ ಕ್ಯಾಶ್ 64 ಎಂಬಿ, ಎರಡನೆಯದರದು 256. ಅಲ್ಪಜ್ಞರು ದೊಡ್ಡ ಸಂಖ್ಯೆ ನೋಡಿ ‘ಎ’ಕಾರಕ್ಕೆ ಒಲಿಯುತ್ತಾರೆ. ಆದರೆ ಅದು ಎಸ್‌ಎಂಆರ್: ಹೆಂಚು ಹೊದಿಸಿದಂತೆ ಒಂದು ಟ್ರ್ಯಾಕಿನ ಅಂಚಿನ ಮೇಲೆ ಇನ್ನೊಂದು. ನಡುವಿನ ಒಂದನ್ನು ಬದಲಿಸಬೇಕಾದರೆ ಅದರ ಮುಂದಿನ ಸಾಲನ್ನೂ ಮತ್ತೆ ಬರೆಯಬೇಕು. ಸಿನಿಮಾ, ಫೋಟೋ ತುಂಬಿಟ್ಟು ಮರೆಯುವವರಿಗೆ ತೊಂದರೆಯಿಲ್ಲ. ದಿನವೂ ಬರೆದು ಅಳಿಸುವವರಿಗೆ ಅದು ಕೆಲವೊಮ್ಮೆ ಸಮಾಧಿಸ್ಥಿತಿಗೆ ಜಾರುತ್ತದೆ. ಆ ದೊಡ್ಡ ಕ್ಯಾಶ್ ಔದಾರ್ಯವಲ್ಲ, ಪ್ರಾಯಶ್ಚಿತ್ತ. ‘ಆರ್’ಕಾರದ್ದು ಸಿಎಂಆರ್, ಟ್ರ್ಯಾಕುಗಳು ಒಂದರ ಮೈಮೇಲೆ ಒಂದು ಬೀಳವು.

ಈ ರಹಸ್ಯವಿದ್ಯೆ 2020ರಲ್ಲಿ ಬಯಲಾಯಿತು. ಎನ್‌ಎಎಸ್‌ಗೆಂದೇ, ಅಂದರೆ ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ಸಂಗ್ರಹಪೆಟ್ಟಿಗೆಗೆಂದೇ, ವೆಸ್ಟರ್ನ್ ಡಿಜಿಟಲ್ ಮಾರುತ್ತಿದ್ದ ಕೆಲವು ಕೆಂಪು ಡಿಸ್ಕುಗಳೂ ಹೇಳದೆ ಕೇಳದೆ ಎಸ್‌ಎಂಆರ್ ಆಗಿದ್ದವೆಂದು ಗದ್ದಲವೆದ್ದ ಮೇಲೆ ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಶಿಬಾ ಮೂರೂ ಯಾವುದು ಯಾವುದೆಂದು ಪಟ್ಟಿ ಕೊಟ್ಟವು. ಡೆಸ್ಕ್‌ಟಾಪ್ ಡಿಸ್ಕು ಮಾಡುವ ಪೀಠಗಳು ಈಗ ಉಳಿದಿರುವುದೂ ಈ ಮೂರೇ; ಇನ್ನೊಂದು ಪೀಠವಾಗಿದ್ದ ಮ್ಯಾಕ್ಸ್‌ಟರ್ 2006ರಲ್ಲೇ ಸೀಗೇಟಿನಲ್ಲಿ ಲೀನವಾಯಿತು.

ವಾರಂಟಿಯ ಬಗ್ಗೆ ಒಂದೇ ಮಾತು: ಅದು ದೇಹಕ್ಕುಂಟು, ಆತ್ಮಕ್ಕಿಲ್ಲ. ಕೆಟ್ಟ ಡಿಸ್ಕಿಗೆ ಬದಲಿ ಡಿಸ್ಕು ಬರುತ್ತದೆ, ಮಗಳ ನಾಮಕರಣದ ಫೋಟೋ ಬರುವುದಿಲ್ಲ.

ಆದ್ದರಿಂದ ತೀರ್ಪು: ವಿಂಡೋಸನ್ನು ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಹಾಕಿ. ದಿನಬಳಕೆಗೆ ಹಾರ್ಡ್‌ಡಿಸ್ಕ್ ಕೊಳ್ಳುವಾಗ ಪೂರ್ತಿ ಮಾಡೆಲ್ ನಂಬರನ್ನು ಅಕ್ಷರಕ್ಕಕ್ಷರ ಓದಿ, ಸಿಎಂಆರ್ ಎಂದು ಪಟ್ಟಿಯಲ್ಲಿದ್ದರೆ ಮಾತ್ರ ದುಡ್ಡು ಕೊಡಿ. ಬ್ಯಾಕಪ್ಪಿಗೆ ಬೇಕಾದರೆ ಅಗ್ಗದ ಎಸ್‌ಎಂಆರ್ ಸಾಕು.