ಸೋರಿದರೂ ಸೈ ಎನ್ನುವ ಯಜಮಾನರು

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಕಲ್ಲಿದ್ದಲು ಗಣಿಗಳ ಆಸುಪಾಸಿನ ಊರುಗಳಲ್ಲಿ, ಮನೆಯ ಯಾವ ಸಾಮಾನನ್ನೂ ಅದು ಪೂರ್ತಿ ಕೈಕೊಡುವವರೆಗೆ, ಕೆಲವೊಮ್ಮೆ ಕೈಕೊಟ್ಟ ಬಳಿಕವೂ, ಬದಲಾಯಿಸಲೊಪ್ಪದ ಹಿರಿಯರ ಒಂದು ವರ್ಗವಿದ್ದು, ಇವರ ಸ್ವಭಾವವನ್ನು ಅರಿಯಲು ಅಗ್ಗಿಷ್ಟಿಕೆಯ ಹಿಂದಿನ ಬ್ಯಾಕ್ ಬಾಯ್ಲರಿಗಿಂತ ಒಳ್ಳೆಯ ಆಕರ ಮತ್ತೊಂದಿಲ್ಲ. ಬ್ಯಾಕ್ ಬಾಯ್ಲರ್ ಎಂದರೆ, ಕರ್ನಾಟಕದ ಬಚ್ಚಲ ಹಂಡೆಯನ್ನು ಒಲೆಯ ಮೇಲಿಡದೆ ಹಜಾರದ ಬೆಂಕಿಗೂಡಿನ ಬೆನ್ನಿಗೆ, ಗೋಡೆಯೊಳಗೆ ಹುದುಗಿಸಿದಂಥ ಲೋಹದ ನೀರಿನ ಪೆಟ್ಟಿಗೆ. ಚಳಿ ಕಾಯಿಸಲು ಹೊತ್ತಿಸಿದ ಕಲ್ಲಿದ್ದಲಿನ ಶಾಖಕ್ಕೆ ಅದರೊಳಗಿನ ನೀರು ಕಾದು ಹಗುರವಾಗಿ, ಪಂಪಿನ ಹಂಗಿಲ್ಲದೆ ಮಹಡಿಯ ತಾಮ್ರದ ಸಿಲಿಂಡರಿಗೆ ಏರಿದರೆ, ತಣಿದ ನೀರು ಇನ್ನೊಂದು ಕೊಳವೆಯಲ್ಲಿ ಕೆಳಗಿಳಿಯುತ್ತದೆ.

ಇಂಥ ಯಜಮಾನರು ಸಾಮಾನ್ಯವಾಗಿ ನಿವೃತ್ತ ಗಣಿ ಕಾರ್ಮಿಕರು. ಗ್ಯಾರಂಟಿ ಚೀಟಿಯನ್ನು ನಂಬದವರು, ತುಕ್ಕು ಹಿಡಿದ ಮೊಳೆಯನ್ನೂ ನೆಟ್ಟಗೆ ಮಾಡಿ ಬಿಸ್ಕತ್ತಿನ ಡಬ್ಬಿಗೆ ಸೇರಿಸುವವರು. ಈ ಪೈಕಿ ಒಬ್ಬರ ಮನೆಯಲ್ಲಿ ಕನ್ನಡಿಗ ಸಂಶೋಧನ ವಿದ್ಯಾರ್ಥಿಯೊಬ್ಬ ಬಾಡಿಗೆಗಿದ್ದನು. ಆತನ ಹೆಸರು ಈ ಅಧ್ಯಯನಕ್ಕೆ ಅನಗತ್ಯವೆಂದು ಲೇಖಕರು ಪಟ್ಟು ಹಿಡಿದಿದ್ದಾರೆ.

ಒಂದು ಚಳಿಗಾಲದಲ್ಲಿ ಬೆಂಕಿ ಚುಸ್ಸೆನ್ನತೊಡಗಿ, ಬೂದಿ ಕೆಸರಾಗಿ, ಕಪ್ಪು ನೀರು ಬೆಂಕಿಗೂಡಿನ ಮುಂದಿನ ಹೆಂಚಿನ ಮೇಲೆ ಹರಿದಾಗ, ಚಿಮಣಿಯಿಂದ ಮಳೆ ಇಳಿದಿದೆ ಎಂದು ಯಜಮಾನರು ತೀರ್ಪಿತ್ತರು. ಮಳೆಯಿಲ್ಲದ ದಿನ ಅಪರಾಧ ಒದ್ದೆ ಕಲ್ಲಿದ್ದಲಿನದಾಯಿತು. ಪೆಟ್ಟಿಗೆ ಸೋರಿದಷ್ಟೂ ಅದನ್ನು ತುಂಬಿಕೊಡಲು ಅಟ್ಟದ ತೊಟ್ಟಿಯ ತೇಲುಗುಂಡಿನ ಕವಾಟ ತೆರೆದುಕೊಂಡು, ಬಾಡಿಗೆದಾರನ ಹಾಸಿಗೆಯ ನೇರ ಮೇಲೆ ರಾತ್ರಿಯಿಡೀ ಗೊರಗುಟ್ಟುತ್ತಿತ್ತು. ಹೊಸ ನೀರಿನೊಡನೆ ಹೊಸ ಆಮ್ಲಜನಕವೂ ಬರುವುದರಿಂದ ತುಕ್ಕು ಹೆಚ್ಚುತ್ತದೆ, ತುಕ್ಕು ಹೆಚ್ಚಿದರೆ ತೂತು ದೊಡ್ಡದಾಗುತ್ತದೆ ಎಂಬ ರಸಾಯನಶಾಸ್ತ್ರವನ್ನು ಆತ ವಿವರಿಸಿದಾಗ, ಯಜಮಾನರು ತಾಳ್ಮೆಯಿಂದ ಕೇಳಿ, ಸೋರಿಕೆ ಮುಚ್ಚುವ ದ್ರಾವಣದ ಸೀಸೆಯೊಂದನ್ನು ಆತನ ಕೈಗಿತ್ತು ಅಟ್ಟದ ಏಣಿ ತೋರಿಸಿದರು. ದ್ರಾವಣ ಒಂದು ತೂತನ್ನು ಮುಚ್ಚಿತು. ಪೆಟ್ಟಿಗೆ ಮತ್ತೊಂದನ್ನು ತೆರೆಯಿತು.

ಆದರೂ ಅವರನ್ನು ಬರಿಯ ಹಟಮಾರಿಯೆನ್ನುವುದು ಅನ್ಯಾಯವಾದೀತು. ಕೊಳವೆಗಳ ಬಾಯಿ ಮುಚ್ಚಿ ಬರಿಯ ಬೆಂಕಿ ಹಾಕಿಕೊಳ್ಳಿ ಎಂದು ನೆರೆಯವರೊಬ್ಬರು ಸಲಹೆಯಿತ್ತಾಗ ಅವರು ಕೆಂಡಾಮಂಡಲವಾದದ್ದು ಸರಿಯಾಗಿಯೇ ಇತ್ತು. ನೀರು ಉಳಿದ ಪೆಟ್ಟಿಗೆಗೆ ಹೊರದಾರಿಯಿಲ್ಲದಿದ್ದರೆ ಒಳಗೆ ಉಗಿಯ ಒತ್ತಡವೇರಿ ಅದು ಸಿಡಿಯುತ್ತದೆ, ಆದುದರಿಂದ ಕೈಬಿಟ್ಟ ಬಾಯ್ಲರನ್ನು ತೆಗೆಯಬೇಕು, ಇಲ್ಲವೇ ನೀರು ಬಸಿದು ಅದಕ್ಕೆ ತೂತು ಕೊರೆಯಬೇಕು. ಇನ್ನು ಗ್ಯಾಸ್ ಬಾಯ್ಲರಿನ ಮಾತೆತ್ತಿದರೆ, ಆ ಪದವನ್ನು ಅವರು 1984–85ರ ಗಣಿ ಕಾರ್ಮಿಕರ ಮುಷ್ಕರ ಮುರಿದವನ ಹೆಸರಿನಂತೆ ಉಚ್ಚರಿಸುತ್ತಿದ್ದರು. ಆ ಬೆಂಕಿಗೂಡಿನಲ್ಲಿ ದಶಕಗಳ ಕಾಲ ಉರಿದದ್ದು ಅವರಂಥವರೇ ನೆಲದಡಿಯಿಂದ ಅಗೆದು ತಂದ, ಸಂಬಳದ ಜೊತೆಗೆ ಪುಕ್ಕಟೆಯಾಗಿ ಮನೆಬಾಗಿಲಿಗೆ ಬಂದು ಬೀಳುತ್ತಿದ್ದ ಕಲ್ಲಿದ್ದಲು. ಬ್ರಿಟನ್ನಿನ ಕೊನೆಯ ಆಳದ ಗಣಿಯಾದ ಕೆಲ್ಲಿಂಗ್ಲಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. 2021ರ ಮೇ ತಿಂಗಳಿಂದ ಮನೆಬಳಕೆಯ ಸಾಂಪ್ರದಾಯಿಕ ಕಲ್ಲಿದ್ದಲನ್ನು ಚೀಲದಲ್ಲಿ ಮಾರುವುದೂ ಇಂಗ್ಲೆಂಡಿನಲ್ಲಿ ನಿಂತಿತು. ದುಡಿಮೆ ಹೋಗಿ, ಗಣಿ ಹೋಗಿ, ಕಲ್ಲಿದ್ದಲೂ ಹೋದ ಮೇಲೆ ಉಳಿದ ಪೆಟ್ಟಿಗೆಯನ್ನೂ ಕಿತ್ತುಕೊಡಿ ಎಂದು ಕೇಳುವವರಿಗೆ ಸ್ವಲ್ಪ ಸಂಕೋಚವಾದರೂ ಇರಬೇಕಿತ್ತು. ತಣ್ಣೀರಿನಲ್ಲಿ ಮುಖ ತೊಳೆಯುತ್ತಿದ್ದ ಬಾಡಿಗೆದಾರನಿಗೆ ಅದು ಇರಲಿಲ್ಲ.

ಕೊನೆಗೆ ಬೆಂಕಿ ಹತ್ತುವುದೇ ನಿಂತಾಗ, ಹೊಗೆರಹಿತ ಇಂಧನಕ್ಕೆಂದು ಹೊಸ ಉಕ್ಕಿನ ಪೆಟ್ಟಿಗೆ ಬಂದಿತು. ಬೆಂಕಿ ಇಟ್ಟಿಗೆಯ ಹಿಂಗೋಡೆಗೂ ಅದರ ಹಿಂದೆ ತುಂಬುವ ಹಗುರ ಕಾಂಕ್ರೀಟಿಗೂ ನಡುವೆ ಸುಕ್ಕು ರಟ್ಟಿನ ಹಾಳೆಯಿಡುವುದು ವಾಡಿಕೆ. ಬೆಂಕಿಗೆ ರಟ್ಟು ಸುಟ್ಟುಹೋಗಿ, ಕಾದ ಇಟ್ಟಿಗೆ ಹಿಗ್ಗಲು ಸಂದು ಉಳಿಯುತ್ತದೆ. ಮೇಸ್ತ್ರಿಯ ಬಳಿ ರಟ್ಟಿದ್ದರೂ ಅದು ತೆಳುವೆಂದು ತಳ್ಳಿಹಾಕಿದ ಯಜಮಾನರು, ಬಾಡಿಗೆದಾರನ ಪುಸ್ತಕಗಳ ಪೆಟ್ಟಿಗೆಯನ್ನು ಬರಿದು ಮಾಡಿ ಕತ್ತರಿಸಿದರು. ಹಳೆಯ ಬಾಯ್ಲರನ್ನು ಗುಜರಿಗೆ ಕೊಡಲು ಮಾತ್ರ ಒಪ್ಪದೆ, ಒಂದಿಷ್ಟು ಬೆಸುಗೆ ಹಾಕಿದರೆ ಇನ್ನೂ ಬರುತ್ತದೆಂದು ಹಿತ್ತಲ ಶೆಡ್ಡಿಗೆ ಸಾಗಿಸಿದರು. ಅದರ ಇನ್ನೊಂದು ತುದಿಯನ್ನು ಹಿಡಿದವನು ಯಾರೆಂಬುದನ್ನು ಲೇಖಕರ ಸೊಂಟ ಬಲ್ಲದು.