ನರದ ಮಾತ್ರೆಯ ನೆಂಟಸ್ತಿಕೆ

ಕಮ್ಮರಡಿ ಕಡೆಯವರು ಯಾರಾದರೂ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬಂದರೆ, ಡಾಕ್ಟ್ರು ಎಂತ ಹೇಳಿದ್ರು ಅಂತ ಕೇಳುವವರು ಕಡಿಮೆ. "ಎಂತ ಮಾತ್ರೆ ಕೊಟ್ರು, ತೋರ್ಸಿ" ಅನ್ನುವವರೇ ಎಲ್ಲ. ಎಲೆಯಡಿಕೆ ತಟ್ಟೆಯ ಹಿಂದೆಯೇ ಮಾತ್ರೆ ಶೀಟೂ ಜಗಲಿ ಸುತ್ತುತ್ತದೆ. ಒಬ್ಬರು ಕನ್ನಡಕ ಹಣೆಗೇರಿಸಿ ಓದುತ್ತಾರೆ, ಇನ್ನೊಬ್ಬರು "ನಮ್ಮ ಭಾವಂಗೂ ಇದೇ ಮಾರಾಯ್ರೆ" ಅನ್ನುತ್ತಾರೆ, ಮೂರನೆಯವರು ಸೊಂಟ ಹಿಡಿದುಕೊಂಡು "ಎರಡು ಕೊಟ್ಟಿರಿ, ನೋಡುವ" ಎಂದು ಕೈಚಾಚುತ್ತಾರೆ. ಕೊಟ್ಟವರಿಗೆ ಪುಣ್ಯ, ತಗೊಂಡವರಿಗೆ ತೂಕಡಿಕೆ.

ಇಂಥ ಜಗಲಿಯ ಒಬ್ಬ ದೊಡ್ಡಮ್ಮನಿಗೆ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿ ತಿಂಗಳುಗಟ್ಟಲೆ ಆದರೂ ಪಕ್ಕೆಯ ಉರಿ ಮಾತ್ರ ಹೋಗದು. ಸೆರಗು ತಾಗಿದರೂ ಅಯ್ಯೋ ಅನ್ನುವಷ್ಟು. ಡಾಕ್ಟ್ರು ಗ್ಯಾಬಪೆಂಟಿನ್ ಬರೆದುಕೊಟ್ಟರು. ಮೊಮ್ಮಗ ಮೊಬೈಲಿನಲ್ಲಿ ಹುಡುಕಿ, ಬಂದವರೆಲ್ಲರ ಎದುರೇ "ಅಜ್ಜಿ, ಇದು ಫಿಟ್ಸಿನ ಮಾತ್ರೆ" ಅಂದುಬಿಟ್ಟ. ಉರಿ ಅಲ್ಲಿಗೇ ಮರೆತುಹೋಯಿತು! ಮೊಮ್ಮಗಳ ಜಾತಕ ಆಗಲೇ ಶೃಂಗೇರಿ ಕಡೆಗೊಂದು, ಎನ್.ಆರ್. ಪುರದ ಕಡೆಗೊಂದು ಹೊರಟಾಗಿತ್ತು. ಶೀಟು ಅಕ್ಕಿ ಡಬ್ಬಿಯ ತಳ ಸೇರಿತು.

ಮೊಮ್ಮಗ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅಮೆರಿಕದಲ್ಲಿ 1993ರಲ್ಲಿ ಈ ಮಾತ್ರೆಗೆ ಅನುಮತಿ ಸಿಕ್ಕಿದ್ದು ಮೂರ್ಛೆರೋಗಕ್ಕೇ. ಸರ್ಪಸುತ್ತಿನ ನಂತರದ ಉರಿಗೆ ಸಿಕ್ಕಿದ್ದು 2002ರಲ್ಲಿ. ನರಕೋಶಗಳ ಗಲಾಟೆ ಮಿದುಳಿನಲ್ಲಾದರೆ ಫಿಟ್ಸ್, ನೋವಿನ ದಾರಿಯಲ್ಲಾದರೆ ಉರಿ. ಮಾತ್ರೆ ಆ ಕೋಶಗಳ ಕ್ಯಾಲ್ಸಿಯಂ ಬಾಗಿಲಿಗೆ ಅಂಟಿಕೊಂಡು ಸದ್ದಡಗಿಸುತ್ತದೆ, ಜಾತಕ ಕೇಳುವುದಿಲ್ಲ. ಹಾಗೆ ನೋಡಿದರೆ ಹಿಂದೂ ವಿವಾಹ ಕಾಯ್ದೆಯೇ 1999ರಲ್ಲಿ ಮೂರ್ಛೆರೋಗವನ್ನು ಮದುವೆಯ ಅಡ್ಡಿಗಳಿಂದ ತೆಗೆದುಹಾಕಿದೆ. ಕಾನೂನು ಬಿಟ್ಟಿದ್ದನ್ನು ನಮ್ಮ ಅಕ್ಕಿ ಡಬ್ಬಿ ಇನ್ನೂ ಹಿಡಿದುಕೊಂಡಿದೆ.

ಭಾವನ ಮಾತ್ರೆಯ ಕತೆ ಬೇರೆ. ಗ್ಯಾಬಪೆಂಟಿನ್ ದೇಹದಿಂದ ಹೊರಹೋಗುವುದು ಕಿಡ್ನಿಯ ದಾರಿಯಲ್ಲಿ. ಸಕ್ಕರೆ ಕಾಯಿಲೆಯಿಂದಲೋ ವಯಸ್ಸಿನಿಂದಲೋ ಕಿಡ್ನಿ ಸೋತವರಿಗೆ ಡೋಸು ಇಳಿಸಬೇಕು. ಭಾವನ ಕಿಡ್ನಿ ನೋಡಿ ಬರೆದ ಡೋಸನ್ನು ನಾದಿನಿಯ ಕಿಡ್ನಿ ಒಪ್ಪಬೇಕು ಅಂತ ಯಾವ ನೆಂಟಸ್ತಿಕೆಯಲ್ಲಿದೆ? ಇನ್ನೊಂದು ಗೋಜಲು: ಗ್ಯಾಬಪೆಂಟಿನ್ನೂ ಅದರ ದಾಯಾದಿ ಪ್ರಿಗ್ಯಾಬಲಿನ್ನೂ ಬಿ12, ನಾರ್ಟ್ರಿಪ್ಟಿಲಿನ್ ಜೊತೆ ಬೆರೆತು ಅಂಗಡಿಯಲ್ಲಿ ನೂರೆಂಟು ಹೆಸರಿನಲ್ಲಿ ಕೂತಿವೆ. ಮೂಳೆ ಡಾಕ್ಟ್ರು ಬರೆದದ್ದು ಒಂದು ಹೆಸರು, ನರದ ಡಾಕ್ಟ್ರು ಬರೆದದ್ದು ಇನ್ನೊಂದು. "ಇದು ಬರೀ ವಿಟಮಿನ್" ಎಂದು ಎರಡನ್ನೂ ನುಂಗಿದವರು ಊಟದೆಲೆಯ ಮುಂದೆಯೇ ತೂಗುತ್ತಿರುತ್ತಾರೆ. ಜಗಲಿಗೆ ತೋರಿಸುವ ಉತ್ಸಾಹದಲ್ಲಿ ಅರ್ಧದಷ್ಟಾದರೂ ಇಟ್ಟುಕೊಂಡು ಎಲ್ಲ ಶೀಟುಗಳನ್ನೂ ಚೀಲಕ್ಕೆ ತುಂಬಿ ಡಾಕ್ಟ್ರಿಗೆ ತೋರಿಸಿದರೆ ಪುಣ್ಯ ಬಂದೀತು. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಗ್ಯಾಸಿನ ಸಿರಪ್ಪು ಕುಡಿದಿದ್ದರೆ ಗ್ಯಾಬಪೆಂಟಿನ್ನಿಗೆ ಎರಡು ಗಂಟೆ ಬಿಡುವು ಕೊಡಬೇಕು. ಇಲ್ಲದಿದ್ದರೆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ.

ಶುರುವಿನ ದಿನಗಳಲ್ಲಿ, ಡೋಸು ಏರಿಸಿದಾಗ ತಲೆ ತಿರುಗುವುದುಂಟು. ನಮ್ಮಲ್ಲಿ ಬಚ್ಚಲು ಅಂಗಳದಾಚೆ, ಅಂಗಳದಲ್ಲಿ ಪಾಚಿ, ಆಟಿಯ ರಾತ್ರಿ ಕರೆಂಟು ಇರುವುದಿಲ್ಲ. ಮಾತ್ರೆ ನುಂಗಿದ ದೊಡ್ಡಮ್ಮ ಒಬ್ಬರೇ ಎದ್ದು ಹೊರಟರೆ ನರದ ಡಾಕ್ಟ್ರಿಂದ ಮೂಳೆ ಡಾಕ್ಟ್ರಿಗೆ ದಾರಿ ಹತ್ತಿರವಾಗುತ್ತದೆ. ಕೊನೆ ತೆಗೆಯಲು ಮರ ಹತ್ತುವವರಂತೂ ಮೈಗೆ ಹೇಗೆ ಒಗ್ಗುತ್ತದೆ ನೋಡದೆ ಹತ್ತಲೇಬಾರದು. ಸಂಜೆಯ "ಸ್ವಲ್ಪ"ವನ್ನು ಇದರ ಜೊತೆ ಸೇರಿಸುವವರಿಗೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಿಗೆ ಒಂದು ಮಾತು: ಉಸಿರೇ ಮಂದವಾಗುವ ಅಪಾಯವಿದೆ ಎಂದು ಅಮೆರಿಕದ ಔಷಧ ಇಲಾಖೆ 2019ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ವಯಸ್ಸಾದವರಿಗೆ, ದಮ್ಮು ಇರುವವರಿಗೆ ಅದು ಇನ್ನೂ ಹೆಚ್ಚು.

ಬಚ್ಚಲ ಸುದ್ದಿ ಬಂದ ಮೇಲೆ ಹಂಡೆಯನ್ನು ಬಿಟ್ಟರೆ ಆಗುತ್ತದೆಯೇ? ಸುಡುನೀರು ತಲೆಗೆ ಹೊಯ್ದಾಗಲೇ ಬರುವ ಫಿಟ್ಸ್ ಕರ್ನಾಟಕಕ್ಕೆ ಹೊಸತಲ್ಲ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ಮಂದಿಯ ವಿವರವನ್ನು 1988ರಲ್ಲೇ ಪ್ರಕಟಿಸಿದ್ದರು. ಮೊದಲ ಮದ್ದು ಉಗುರು ಬೆಚ್ಚಗಿನ ನೀರು. ಅಷ್ಟರಲ್ಲಿ ನಿಲ್ಲದವರಿಗೆ ತಲೆಸ್ನಾನದ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಕೊಡುವ ಕ್ರಮವಿದೆ, ಡಾಕ್ಟ್ರು ಹೇಳಿದ್ದರೆ. ಆದರೆ ನೆಂಟರಿಗೆ ಉಗುರು ಬೆಚ್ಚಗಿನ ನೀರು ಕೊಡುವುದೆಂದರೆ ಮಲೆನಾಡಿನ ಮನೆಗೆ ಅವಮಾನ. "ಹೊಗೆ ಬರದಿದ್ರೆ ಅದೆಂತ ಸ್ನಾನ!"

ಎಲ್ಲಕ್ಕಿಂತ ನನಗೆ ಸೋಜಿಗ ಮಾತ್ರೆ ನಿಲ್ಲಿಸುವ ಧೈರ್ಯ. ಎರಡು ವರ್ಷ ಫಿಟ್ಸ್ ಬಂದಿಲ್ಲ, ಇನ್ನೆಂತಕ್ಕೆ ಮಾತ್ರೆ ಎಂದು ಒಂದು ಸೋಮವಾರ ತಾವೇ ಬಿಟ್ಟುಬಿಡುತ್ತಾರೆ. ಹಾಗೆ ತಟಕ್ಕನೆ ಬಿಟ್ಟರೆ ನಿಂತ ಫಿಟ್ಸೇ ಎದ್ದು ಬರಬಹುದು. ನೋವಿಗೆಂದು ತಗೊಳ್ಳುವವರೂ ಡಾಕ್ಟ್ರ ಲೆಕ್ಕದಂತೆ ಮೆಲ್ಲಗೆ ಇಳಿಸಬೇಕು. ಇದೇ ಮಹಾನುಭಾವರು ಅಡಿಕೆಗೆ ಏನು ಮಾಡುತ್ತಾರೆ? ಒಂದೇ ಒಂದು ಕಾಯಿ ಕೊಳೆಯದಿದ್ದರೂ ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಸುತ್ತಾರೆ, ನಲವತ್ತು ದಿನ ಕಳೆದದ್ದೇ ಎರಡನೇ ಸಲ. "ಕೊಳೆ ಬಂದಿಲ್ವಲ್ಲ, ಎಂತಕ್ಕೆ" ಅಂದು ನೋಡಿ, ಬೈಸಿಕೊಳ್ಳುತ್ತೀರಿ. ಮಳೆಗಾಲಕ್ಕೆ ಕಟ್ಟಿಗೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ಕೂಡಿಡುವ ಮನೆಯಲ್ಲಿ ಮಾತ್ರೆ ಮಾತ್ರ ಮರ ಬಿದ್ದು ಬಸ್ಸು ನಿಂತ ದಿನವೇ ಮುಗಿಯುತ್ತದೆ.

ಹೀಗೆಂದು ನಾನು ಒಬ್ಬರ ಹತ್ತಿರ ಉದ್ದಕ್ಕೆ ಕೊರೆದೆ. ತಿಂಗಳಿಗಾಗುವಷ್ಟು ಮಾತ್ರೆ ಮಿರ್ಗಿ ಮಳೆಗೆ ಮೊದಲೇ ತಂದಿಡಿ ಅಂದೆ. ಅವರು ಬಾಯಲ್ಲಿದ್ದ ಕವಳ ಅತ್ತಿತ್ತ ಸರಿಸಿ ಯೋಚಿಸಿದರು.

"ಆಯ್ತು ಮಾರಾಯ್ರೆ, ನಾಳೆ ಕೊಪ್ಪಕ್ಕೆ ಹೋಗ್ತೀನಿ. ಹೇಗೂ ಮೈಲುತುತ್ತು ತರೋದಿತ್ತು."