ತಳಕಲ್ ಧೂಮಮೀಮಾಂಸೆ

ಧೂಮವಿದ್ದಲ್ಲಿ ಅಗ್ನಿ ಉಂಟೆಂಬುದು ನೈಯಾಯಿಕರ ವ್ಯಾಪ್ತಿ. ಧೂಮವಿದ್ದಲ್ಲಿ ಹತ್ತು ಸಾವಿರದವರೆಗೆ ದಂಡ ಉಂಟೆಂಬುದು 2019ರ ಮೋಟಾರು ವಾಹನ ತಿದ್ದುಪಡಿಯ ವ್ಯಾಪ್ತಿ. ಎರಡನೆಯದಕ್ಕೆ ಮುಪ್ಪು ಅಪವಾದವೇ ಎಂಬುದೇ ಇಲ್ಲಿನ ಜಿಜ್ಞಾಸೆ.

ಅಪವಾದವೇ ಎಂದು ಪೂರ್ವಪಕ್ಷ. ಜರ್ಮನಿಯಲ್ಲಿ 30 ತುಂಬಿದ ಕಾರು, ಲಂಡನ್ನಿನಲ್ಲಿ 40 ತುಂಬಿದ ಕಾರು ಐತಿಹಾಸಿಕವೆನಿಸಿಕೊಂಡು ಹೊಗೆನಿರ್ಬಂಧದ ವಲಯವನ್ನು ರಾಜಗಾಂಭೀರ್ಯದಿಂದ ಹೊಗುತ್ತದೆ. ನಮ್ಮಲ್ಲೂ ಬಿಎಸ್-4 ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ 0.3, ಅಜ್ಜನ ಕಾಲದ ಕಾರಿಗೆ ಶೇ 3. ಹಿರಿಯರಿಗೆ ಹತ್ತು ಪಟ್ಟು ಕೆಮ್ಮುವ ಹಕ್ಕು.

ಆಕ್ಷೇಪ ದಿಲ್ಲಿಯಿಂದ. 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಆದೇಶದಂತೆ ಅಲ್ಲಿ ಡೀಸೆಲ್ ಗಾಡಿ 10 ವರ್ಷಕ್ಕೆ ರಸ್ತೆ ಬಿಡಬೇಕಿತ್ತು. ವಿಂಟೇಜ್ ಪದವಿಯೋ 50ಕ್ಕೆ. ನಡುವಿನ 40 ವರ್ಷ ಅಜ್ಞಾತವಾಸ. ಪಾಂಡವರಿಗೆ ಒಂದೇ ವರ್ಷವಿತ್ತು, ಅದೂ ಆರ್‌ಸಿ ಇಲ್ಲದ ಕಾಲ! ಕರ್ನಾಟಕ ದಯಾಳು: ಸ್ವಂತ ಕಾರಿಗೆ 15ರಲ್ಲಿ ನವೀಕರಣ, ಮುಂದೆ ಐದೈದು ವರ್ಷಕ್ಕೊಮ್ಮೆ. 50 ಮುಟ್ಟುವಷ್ಟರಲ್ಲಿ ಏಳು ಜನ್ಮ.

ಈಗ ಪ್ರಕೃತ ವಸ್ತು: ತಳಕಲ್ಲಿನಿಂದ ಕುಕನೂರು ಸಂತೆಗೆ ಹೊರಟ ಹಳೇ ಟ್ರ್ಯಾಕ್ಟರ್. ಸೈಲೆನ್ಸರಿನ ತಗಡಿನ ಮುಚ್ಚಳ ಟಕಟಕ ಬಡಿಯುತ್ತ ಉಂಗುರ ಉಂಗುರ ಕರಿ ಹೊಗೆ ಬಿಡುತ್ತದೆ. ಮಡ್‌ಗಾರ್ಡಿನ ಮೇಲೆ ಅತ್ತೊಬ್ಬ ಇತ್ತೊಬ್ಬ, ನಡುವೆ ಡ್ರೈವರ್, ಮೂವರ ಮೂಗಿನಲ್ಲೂ ಒಂದೇ ಪ್ರಮಾಣ, ಅದೂ ಪ್ರತ್ಯಕ್ಷ. ಇದು ವಿಂಟೇಜೇ?

2021ರ ಜುಲೈನ ಕೇಂದ್ರ ನಿಯಮ ಉತ್ತರಿಸುತ್ತದೆ. ಗಾಡಿಗೆ 50 ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು, ಹೊಸ ನೋಂದಣಿಗೆ ₹20,000 ಕಟ್ಟಿ ‘ವಿಎ’ ಅಕ್ಷರದ ಫಲಕ ಪಡೆಯಬೇಕು. ಮುಖ್ಯವಾಗಿ, ನಿತ್ಯ ಓಡಬಾರದು: ಪ್ರದರ್ಶನ, ಸಂಶೋಧನೆ, ರ‍್ಯಾಲಿ, ಎಣ್ಣೆ ಹಾಕಿಸುವುದು, ರಿಪೇರಿ, ಇಷ್ಟಕ್ಕೇ ಹೊರಡಬಹುದು. ಹೀಗೆ ನೋಡಿದರೆ ಪಕ್ಕದ ಇಟಗಿಯ ಮಹಾದೇವ ದೇವಾಲಯ ಹೆಚ್ಚು ಅರ್ಹ. 1112ರ ಮಾಡೆಲ್, ನಿತ್ಯಸಂಚಾರವಿಲ್ಲ, ಹೊಗೆಯೂ ಇಲ್ಲ. ಕೊರತೆ ಚಕ್ರದ್ದೊಂದೇ.

ಟ್ರ್ಯಾಕ್ಟರಿಗೆ ಚಕ್ರವುಂಟು, ಯೋಗವಿಲ್ಲ. ಎಂಜಿನ್ ಒಬ್ಬರದು, ಗೇರ್‌ಬಾಕ್ಸ್ ಇನ್ನೊಬ್ಬರದು, ಸೀಟು ಗೊಬ್ಬರದ ಚೀಲದ್ದು. ಮೇಲಾಗಿ ದಿನಾ ದುಡಿಯುವ ಮಹಾದೋಷ. ಕೆಲಸ ಬಿಟ್ಟು ಕುಳಿತ ಮುಪ್ಪಿಗೆ ಫಲಕ, ದುಡಿಯುವ ಮುಪ್ಪಿಗೆ ಚಲನ್: ಇದೇ ಸಿದ್ಧಾಂತ.

ಆದ್ದರಿಂದ ತಳಕಲ್ಲಿನ ಟ್ರ್ಯಾಕ್ಟರ್ ಮಾಲೀಕರು ಎಮಿಷನ್ ಸರ್ಟಿಫಿಕೇಟ್ ಕಿಸೆಯಲ್ಲೇ ಇಟ್ಟುಕೊಳ್ಳತಕ್ಕದ್ದು. ನೂರು ವರ್ಷ ಉತ್ತರೂ ‘ವಿಎ’ ಫಲಕ ಸಿಗದು. ಆ ನಿಯಮ ಬೈಕು, ಕಾರುಗಳಿಗೆ ಮಾತ್ರ.